ಅಜ್ಜ ದನ ಹೊಡೆದುಕೊಂಡು ಬಂದ ದಾರಿಯಲ್ಲಿ, ವಾಪಸ್ಸು

ನನ್ನ ಅಜ್ಜನಿಗೆ ಈಗ ಎಂಬತ್ತೈದು. 1964ರಲ್ಲಿ ಲಿಂಗನಮಕ್ಕಿ ಡ್ಯಾಮ್ ಮುಗಿದು ಶರಾವತಿ ಹಿನ್ನೀರು ಏರಿದಾಗ ಊರು ಬಿಟ್ಟವರಲ್ಲಿ ಅವನೂ ಒಬ್ಬ. ಮಡೆನೂರಿನ ಹತ್ತಿರ ನಾಲ್ಕೇ ನಾಲ್ಕು ಮನೆಯ ಊರು ಅದು. ಮನೆಯವರು, ಪಾತ್ರೆ, ಒನಕೆ, ಬಾಗಿಲು ಚೌಕಟ್ಟು ಎಲ್ಲ ಲಾರಿಗೆ ಹತ್ತಿದವು. ದನಗಳಿಗೆ ಜಾಗ ಇರಲಿಲ್ಲ. ಆಗ ಇಪ್ಪತ್ಮೂರು ವರ್ಷದ ಅಜ್ಜ ಎರಡು ಎತ್ತು, ನಾಲ್ಕು ಹಸು, ಒಂದು ಕರು ಹೊಡೆದುಕೊಂಡು ಸಾಗರ, ಆನಂದಪುರ, ಚೋರಡಿ ದಾಟಿ ಆಯನೂರಿನ ಆಚೆಗಿನ ಕಾಡಂಚಿಗೆ ನಡೆದೇ ಬಂದ. ಆ ಕಾಡಂಚೇ ಈಗ ನಮ್ಮೂರು.

ಆ ದಾರಿಯನ್ನು ಹಿಂದುಮುಂದಾಗಿ, ಅಂದರೆ ಇಲ್ಲಿಂದ ಅಲ್ಲಿಗೆ, ಅಜ್ಜನನ್ನು ಕರೆದುಕೊಂಡು ಹೋಗಬೇಕು ಅಂತ ಬಹಳ ವರ್ಷದ ಆಸೆ. ಈ ಬೇಸಿಗೆಯಲ್ಲಿ ಆಯಿತು. ನಾನು, ತಮ್ಮ, ಅಜ್ಜ. ಬೆಂಗಳೂರಿಂದ ರಾತ್ರಿ ರೈಲು, ಶಿವಮೊಗ್ಗದಿಂದ ತಮ್ಮನ ಕಾರು. ಅದರಲ್ಲಿ ಹೇಳುವಂಥದ್ದೇನೂ ಇಲ್ಲ.

ಹೇಳುವಂಥದ್ದು ಅಜ್ಜನ ಬಗ್ಗೆ ಇದೆ. ನಮ್ಮ ಕಡೆಯ ಹಳಬರು ಅವನನ್ನು ಹೆಸರಿಡಿದು ಕರೆಯುವುದೇ ಇಲ್ಲ. 'ಅರ್ಜಿ ಅಣ್ಣ' ಅಂತಾರೆ. ಓದಿದ್ದು ಮಿಡ್ಲ್ ಸ್ಕೂಲು. ಮುಳುಗಡೆಯಾಗಿ ಬಂದ ಅಷ್ಟೂ ಮನೆಗಳಲ್ಲಿ ಕಾಗದದ ಮೇಲೆ ನಾಲ್ಕು ಸಾಲು ನೆಟ್ಟಗೆ ಬರೆಯಲು ಬರುತ್ತಿದ್ದದ್ದು ಅವನಿಗೆ ಮಾತ್ರ. ಹಾಗಾಗಿ ಪರಿಹಾರದ ಅರ್ಜಿ, ಬಾವಿಗೆ ಅರ್ಜಿ, ಶಾಲೆಗೆ ಅರ್ಜಿ, ರೇಷನ್ ಕಾರ್ಡಿಗೆ ಅರ್ಜಿ, ಎಲ್ಲ ಅವನ ಕೈಯಲ್ಲೇ ಆದವು. ಇವತ್ತಿನವರೆಗೂ ಯಾರಿಂದಲೂ ಒಂದು ರೂಪಾಯಿ ತಗೊಂಡಿಲ್ಲ. ನಾನು ಬೆಂಗಳೂರಿನಲ್ಲಿ ಬ್ಯಾಂಕಿನ ಕೌಂಟರಿನಲ್ಲಿ ಕೂರುವವಳು. ಚಲನ್ ಹಿಡಿದುಕೊಂಡು ಯಾರಾದರೂ ಹಿಂದೆಮುಂದೆ ನೋಡುತ್ತ ನಿಂತರೆ ನನಗೆ ಮೊದಲು ನೆನಪಾಗುವುದು ಅಜ್ಜ. ಅವನು ಇದ್ದಿದ್ದರೆ ಏನು ಮಾಡುತ್ತಿದ್ದ ಅಂತ ಯೋಚಿಸಿ ಅದನ್ನೇ ಮಾಡುತ್ತೇನೆ.

ಗುರುವಾರ: ಮನೆಯಿಂದ ಸಾಗರ

ಹೊರಡುವ ಮೊದಲು ಅಜ್ಜ ಟ್ರಂಕಿನಿಂದ ಒಂದು ಫೈಲು ತೆಗೆದು ಕಾರಿನ ಸೀಟಿನ ಮೇಲೆ ಇಟ್ಟ. ಅದು ನಮ್ಮ ಮನೆಯ ಜಮೀನಿನ ಫೈಲು. ದಪ್ಪ ರಟ್ಟು, ಮೇಲೆ ಸೆಣಬಿನ ದಾರ. ನಾವು ಆರು ದಶಕದಿಂದ ಉಳುತ್ತಿರುವ ಜಾಗಕ್ಕೆ ಇನ್ನೂ ಹಕ್ಕುಪತ್ರ ಬಂದಿಲ್ಲ. ಮುಳುಗಡೆಯವರನ್ನು ಕೂರಿಸಿದ್ದು ಕಾಡಿನ ಜಾಗದಲ್ಲಿ. ಕಾಗದದಲ್ಲಿ ಅದು ಅರಣ್ಯವಾಗಿಯೇ ಉಳಿಯಿತು. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲಂತೂ ಕೇಂದ್ರದ ಒಪ್ಪಿಗೆ ಇಲ್ಲದೆ ಆ ಜಾಗವನ್ನು ಬಿಟ್ಟುಕೊಡಲು ಸಾಧ್ಯವಿಲ್ಲ ಅಂತಾಯಿತು. ನಡುವೆ ಡಿನೋಟಿಫಿಕೇಶನ್ ಆಯಿತು, ಅಂದರೆ ಜಾಗವನ್ನು ಅರಣ್ಯದ ಪಟ್ಟಿಯಿಂದ ಕೈಬಿಟ್ಟರು, ಹಕ್ಕುಪತ್ರ ಹಂಚಿದರು, ಕೋರ್ಟಿನಲ್ಲಿ ಅದು ನಿಲ್ಲಲಿಲ್ಲ. ಶರಾವತಿ ಮುಳುಗಡೆಯವರ ಸಾವಿರಾರು ಮನೆಗಳ ಕಥೆ ಇದೇ.

"ಇದನ್ನ ಎಂತಕ್ಕೆ ತಗೋತೀಯ ಅಜ್ಜ?" ಅಂದೆ.

"ಬಿಟ್ಟು ಹೋದ್ರೆ ಇಲಿ ಕಡೀತದೆ."

ಆಯನೂರು, ಕುಂಸಿ ದಾಟಿ ಚೋರಡಿಗೆ ಬಂದಾಗ ಕಾರು ನಿಲ್ಲಿಸು ಅಂದ. ಸೇತುವೆಯ ಕೆಳಗೆ ಕುಮುದ್ವತಿ. ಬೇಸಿಗೆಯಲ್ಲಿ ಅಲ್ಲಲ್ಲಿ ಗುಂಡಿಯಾಗಿ ನಿಂತ ನೀರು, ಅದರಲ್ಲಿ ಎಮ್ಮೆಗಳು. ಅವನು ನಡೆದು ಬಂದಾಗ ಕೊನೆಯ ರಾತ್ರಿ ಉಳಿದದ್ದು ಇಲ್ಲೇ ದಡದಲ್ಲಂತೆ. ಕರು ಸೋತಿತ್ತು. ಕೆಳಗಿನ ಮನೆಯೊಂದರ ಹೆಂಗಸು ಬಂದು ಯಾವೂರು, ಎತ್ತ ಅಂತ ಒಂದು ಮಾತೂ ಕೇಳದೆ ಕರುವಿಗೆ ಗಂಜಿ ತಂದು ಕುಡಿಸಿದಳಂತೆ, ಆಮೇಲೆ ಇವನಿಗೆ ಅನ್ನ. "ಮೊದ್ಲು ಕರುವಿಗೆ ಕೊಟ್ಳು ನೋಡು" ಅಂತ ಅಜ್ಜ ಎರಡೆರಡು ಸಲ ಹೇಳಿದ. ಆ ಮನೆ ಯಾವುದು ಅಂತ ಈಗ ಗೊತ್ತಾಗಲಿಲ್ಲ. ಅಲ್ಲಿದ್ದ ಅಂಗಡಿಯವನನ್ನು ಕೇಳಿದೆವು, ಅವನಪ್ಪನಿಗೂ ಗೊತ್ತಿಲ್ಲ. ಆದರೂ ಅವನು ಕುರ್ಚಿ ಹಾಕಿ ಅಜ್ಜನನ್ನು ಕೂರಿಸಿ, ಮುರುಗಲು ಹಣ್ಣಿನ ಶರಬತ್ತು ಕೊಟ್ಟು ದುಡ್ಡು ಬೇಡ ಅಂದ. ಮೇ ತಿಂಗಳಲ್ಲಿ ಈ ಕಡೆ ಬಂದರೆ ಬಾಟಲಿಯ ಜ್ಯೂಸು ಕುಡಿಯಲೇಬೇಡಿ, ಮುರುಗಲು ಕೇಳಿ. ಹುಳಿ, ಸಿಹಿ, ಚೂರು ಉಪ್ಪು, ಜೀರಿಗೆ. ಬಿಸಿಲು ಇಳಿದುಹೋಗುತ್ತದೆ.

ಆನಂದಪುರಕ್ಕೆ ಬರುವಷ್ಟರಲ್ಲಿ ಆಕಾಶ ಕಪ್ಪಾಯಿತು. ಅಲ್ಲಿಯ ಚಂಪಕ ಸರಸ್ಸು ನೋಡೋಣ ಅಂದುಕೊಂಡಿದ್ದೆವು. ಕೆಳದಿ ಅರಸರ ಕಾಲದ ಕಲ್ಲಿನ ಕೊಳ, ನಡುವೆ ಪುಟ್ಟ ಗುಡಿ. ಮೆಟ್ಟಿಲು ಇಳಿಯುವ ಹೊತ್ತಿಗೆ ಗುಡುಗು, ಆಮೇಲೆ ಆಲಿಕಲ್ಲು. ಕಾರಿಗೆ ಓಡಿ ಬಂದು ಕೂತರೆ ಬಾನೆಟ್ಟಿನ ಮೇಲೆ ಟಣಟಣ ಶಬ್ದ, ಒಳಗೆ ಮಾತು ಕೇಳುವುದಿಲ್ಲ. ತಮ್ಮ ಕಾರಿನ ಪೇಂಟು ಹೋಯಿತು ಅಂತ ತಲೆ ಹಿಡಿದುಕೊಂಡರೆ, ಅಜ್ಜ ಕಿಟಕಿ ಇಳಿಸಿ ಒಂದು ಆಲಿಕಲ್ಲು ಹಿಡಿದು ಬಾಯಿಗೆ ಹಾಕಿಕೊಂಡ. ಅರ್ಧ ಗಂಟೆ ಅಷ್ಟೇ. ನಂತರ ರಸ್ತೆ ತುಂಬ ಮಾವಿನ ಎಲೆ, ಮುರಿದ ಕೊಂಬೆ. ಮೇ ತಿಂಗಳಲ್ಲಿ ಮಧ್ಯಾಹ್ನ ಮೂರರ ಮೇಲೆ ಮಲೆನಾಡಿನಲ್ಲಿ ಮರದ ಕೆಳಗೆ ಗಾಡಿ ನಿಲ್ಲಿಸಬಾರದು. ಅವತ್ತು ನಮ್ಮ ಮುಂದೆಯೇ ಒಂದು ಗೊಬ್ಬರದ ಗಿಡದ ಕೊಂಬೆ ಬಿದ್ದು ರಸ್ತೆ ಕಟ್ಟಿತ್ತು. ಬಸ್ಸಿನವರೆಲ್ಲ ಇಳಿದು ಎಳೆದು ಹಾಕಿದ ಮೇಲೆ ಮುಂದೆ ಹೋದೆವು.

ಸಾಗರದಲ್ಲಿ ಉಳಿದೆವು. ರಾತ್ರಿ ಅಕ್ಕಿ ರೊಟ್ಟಿ, ಅಪ್ಪೆಮಿಡಿ ಉಪ್ಪಿನಕಾಯಿ, ಒಂದೆಲಗದ ತಂಬುಳಿ.

ಶುಕ್ರವಾರ: ಕಾಗೋಡು, ಸೇತುವೆ, ತುಮರಿ ಕಡೆ

ಬೆಳಿಗ್ಗೆ ಅಜ್ಜನದೇ ಹಟ, ಕಾಗೋಡಿಗೆ ಹೋಗಿಯೇ ಮುಂದೆ ಹೋಗಬೇಕು. ಸಾಗರದಿಂದ ಹತ್ತಿರ. ನೋಡಲು ಬೇರೆ ಎಲ್ಲ ಊರಿನ ಹಾಗೆ: ಗದ್ದೆ ಬಯಲು, ಅಂಚಿನಲ್ಲಿ ಅಡಿಕೆ ತೋಟ, ಹೊಲಿಗೆ ಮೆಶಿನ್ನಿನ ಶಬ್ದ ಬರುತ್ತಿದ್ದ ಒಂದು ಮನೆ. ಆದರೆ 1951ರಲ್ಲಿ ಕರ್ನಾಟಕದ ರೈತ ಹೋರಾಟದ ದೊಡ್ಡ ಅಧ್ಯಾಯ ಶುರುವಾದದ್ದು ಇಲ್ಲಿ. ಗೇಣಿದಾರರು ಧಣಿಗಳಿಗೆ ಭತ್ತ ಅಳೆದು ಕೊಡಬೇಕಿತ್ತು. ಅಳೆಯುವ ಕೊಳಗ ಧಣಿಗಳದು, ಅದು ಲೆಕ್ಕದ ಕೊಳಗಕ್ಕಿಂತ ದೊಡ್ಡದು. ಸರಿಯಾದ ಕೊಳಗದಲ್ಲಿ ಅಳೆಯಿರಿ ಅಂತ ಕೇಳಿದ್ದಕ್ಕೆ ಜಮೀನು ಬಿಡಿಸಿದರು. ರೈತರು ಗದ್ದೆಗೆ ನೇಗಿಲು ಹೂಡಿಕೊಂಡೇ ಹೋಗಿ ಅರೆಸ್ಟ್ ಆದರು. ಎಚ್. ಗಣಪತಿಯಪ್ಪನವರು ಸಂಘಟನೆ ಕಟ್ಟಿದರು, ಶಾಂತವೇರಿ ಗೋಪಾಲಗೌಡರು ಜೊತೆ ನಿಂತರು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಅವರೂ ಬಂಧನಕ್ಕೊಳಗಾದರು.

ಅಜ್ಜನಿಗೆ ಆಗ ಹತ್ತು ವರ್ಷ. ಅವನಪ್ಪನೂ ಗೇಣಿ ಕೊಡುತ್ತಿದ್ದವನೇ. ಸುದ್ದಿ ಕಿವಿಯಿಂದ ಕಿವಿಗೆ ಹೊಳೆ ದಾಟಿ ಅವರೂರಿಗೆ ಬಂದಾಗ ಅಪ್ಪ ಅವತ್ತು ರಾತ್ರಿ ತಮ್ಮ ಮನೆಯ ಕೊಳಗ ತಂದು ಜಗಲಿಯಲ್ಲಿಟ್ಟು, ಅದರ ಪಕ್ಕ ಧಣಿ ಮನೆ ಕೊಳಗದಷ್ಟು ಭತ್ತ ರಾಶಿ ಹಾಕಿ, ಎಷ್ಟು ಉಳಿಯುತ್ತೆ ನೋಡು ಅಂತ ತೋರಿಸಿದನಂತೆ. ಗದ್ದೆ ಬದುವಿನ ಮೇಲೆ ನಿಂತು ಅಜ್ಜ ಎರಡೂ ಕೈ ಜೋಡಿಸಿ ಆ ಉಳಿದ ಭತ್ತ ಎಷ್ಟಿತ್ತು ಅಂತ ನನಗೆ ತೋರಿಸಿದ. ಬೊಗಸೆಯಿಂದ ಜಾಸ್ತಿಯೇ.

"ಅವತ್ತೇ ಅಂದ್ಕಂಡೆ ಮಗಾ, ಲೆಕ್ಕ ಅನ್ನೋದು ನಮ್ಮ ಕೈಯಲ್ಲೂ ಇರ್ಬೇಕು ಅಂತ."

ಇದನ್ನು ಅವನು ಇಷ್ಟು ವರ್ಷದಲ್ಲಿ ಒಂದು ಸಲವೂ ನಮಗೆ ಹೇಳಿರಲಿಲ್ಲ. ಶಾಲೆಗೆ ದಿನಾ ಅಷ್ಟು ದೂರ ನಡೆದು ಯಾಕೆ ಹೋಗುತ್ತಿದ್ದ, ಅಕ್ಷರದ ಮೇಲೆ ಅವನಿಗೆ ಅಷ್ಟು ಪ್ರೀತಿ ಯಾಕೆ ಅಂತ ನನಗೆ ಅರ್ಥವಾದದ್ದು ಆ ಬದುವಿನ ಮೇಲೆ.

ಮಧ್ಯಾಹ್ನದ ಹೊತ್ತಿಗೆ ಹೊಳೆಬಾಗಿಲು. ಸಿಗಂದೂರಿಗೆ ಹೋದವರಿಗೆಲ್ಲ ಗೊತ್ತು, ಮೊದಲು ಇಲ್ಲಿ ಲಾಂಚಿಗೆ ಕಾಯಬೇಕಿತ್ತು. ರಜೆಯ ದಿನ ಬಂದರೆ ಗಂಟೆಗಟ್ಟಲೆ ಸಾಲು. 2025ರ ಜುಲೈನಲ್ಲಿ ಆಚೆ ದಡದ ತುಮರಿ ಕಡೆಗೆ ಸೇತುವೆ ತೆರೆಯಿತು. ಎರಡು ಕಿಲೋಮೀಟರಿಗೂ ಉದ್ದ, ನಡುವೆ ಕೇಬಲ್ಲುಗಳು ಹಿಡಿದು ನಿಲ್ಲಿಸಿರುವ ಭಾಗ. ಜನ ಫೋಟೋಗೆ ನಿಲ್ಲುವುದು ಅಲ್ಲೇ. ಕಾರಿನಲ್ಲಿ ದಾಟಲು ಮೂರು ನಾಲ್ಕು ನಿಮಿಷ. ಅಜ್ಜ ನಿಧಾನ ಹೋಗು ಅಂದ. ಕೆಳಗೆ ಹಿನ್ನೀರು ಬಹಳ ತಗ್ಗಿತ್ತು. ಕೆಂಪು ಮಣ್ಣಿನ ದಿಬ್ಬಗಳು ಮೇಲೆದ್ದು, ಅದರ ಅಂಚಿನಲ್ಲಿ ನೀರು ಇಳಿದ ಗೆರೆಗಳು ಒಂದರ ಕೆಳಗೊಂದು.

ನನಗೆ ಅವನು ಅಳುತ್ತಾನೇನೋ ಅಂತ ಭಯ. ಅವನು ಕೇಳಿದ್ದು, "ರಾತ್ರಿ ಹೊತ್ತು ಯಾರಿಗಾದ್ರೂ ಹೆರಿಗೆ ನೋವು ಬಂದ್ರೆ ಈಗ ಸಾಗರಕ್ಕೆ ಎಷ್ಟೊತ್ತಿಗೆ ಮುಟ್ತಾರೆ?" ಮುಕ್ಕಾಲು ಗಂಟೆ, ಒಂದು ಗಂಟೆ ಅಂತ ತಮ್ಮ ಹೇಳಿದ. ಅಜ್ಜ ತಲೆಯಾಡಿಸಿದ. ಅವನ ಚಿಕ್ಕಮ್ಮನ ಮಗಳೊಬ್ಬಳು ಮಳೆಗಾಲದ ರಾತ್ರಿ ಈ ದಡದಲ್ಲೇ ತೀರಿಹೋಗಿದ್ದಳು. ಅದೂ ನನಗೆ ಆಮೇಲೆ ಗೊತ್ತಾಯಿತು.

ಸೇತುವೆ ದಾಟುವ ಮೊದಲೇ, ಸಾಗರದಲ್ಲೇ ಪೆಟ್ರೋಲ್ ತುಂಬಿಸಿಕೊಂಡು, ಕೈಯಲ್ಲಿ ಸ್ವಲ್ಪ ನಗದು ಇಟ್ಟುಕೊಂಡಿರಿ. ಒಳಗೆ ಹೋದ ಹಾಗೆ ಫೋನಿಗೆ ಸಿಗ್ನಲ್ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ದುಡ್ಡು ಕಳಿಸುವುದು, ಮ್ಯಾಪು ನೋಡುವುದು ಎರಡೂ ಕಷ್ಟ. ನಾವು ಒಂದು ಕವಲಿನಲ್ಲಿ ತಪ್ಪು ದಾರಿಗೆ ಹೋಗಿ ಯಾರದೋ ತೋಟದ ದಣಪೆಯ (ಬೇಲಿ ಗೇಟಿನ) ಮುಂದೆ ನಿಂತೆವು. ದಣಪೆ ತೆಗೆದ ಅಜ್ಜಿ ದಾರಿ ಹೇಳಲಿಲ್ಲ. ಮೊದಲು ಹಲಸಿನ ಹಣ್ಣಿನ ಕಡುಬು ಕೊಟ್ಟಳು. ತೇಗದ ಎಲೆಯಲ್ಲಿ ಸುತ್ತಿ ಬೇಯಿಸಿದ್ದು, ಎಲೆ ಬಿಚ್ಚಿದರೆ ಕಡುಬಿನ ಮೈಯೆಲ್ಲ ಎಲೆಯ ನರದ ಗುರುತು, ಕೆಂಪು ಬಣ್ಣ. ಮೇಲೆ ತುಪ್ಪ. ಕೈ ಅಂಟಂಟು. ಆಮೇಲೆ ದಾರಿ ಹೇಳಿದಳು.

ನಾವು ಹೋಗಬೇಕಾಗಿದ್ದದ್ದು ಅಜ್ಜನ ಸೋದರಮಾವನ ಮಗನ ಮನೆಗೆ. ಮುಳುಗಡೆಯ ಸಮಯದಲ್ಲಿ ಎತ್ತರದಲ್ಲಿದ್ದ ಮನೆಗಳು ಉಳಿದುಕೊಂಡವು, ಮೂರು ಕಡೆ ನೀರು. ಆ ಅಜ್ಜನಿಗೂ ಎಂಬತ್ತರ ಮೇಲೆ. ಇಬ್ಬರೂ ಜಗಲಿಯಲ್ಲಿ ಕೈ ಕೈ ಹಿಡಿದು ಕೂತು ಬಹಳ ಹೊತ್ತು ಯಾರು ಯಾರು ತೀರಿಹೋದರು ಅಂತ ಲೆಕ್ಕ ಒಪ್ಪಿಸಿಕೊಂಡರು. ಗೋಡೆಯ ಮೇಲೆ ಹಸೆ ಚಿತ್ತಾರ. ಕೆಮ್ಮಣ್ಣು ಬಳಿದ ಗೋಡೆಗೆ ಅಕ್ಕಿ ಹಿಟ್ಟಿನ ಬಿಳಿ ಗೆರೆ, ಪುಂಡಿ ನಾರಿನ ಕುಂಚದ್ದು. ಮನೆಯ ಸೊಸೆ ಬರೆದದ್ದು. ರಾತ್ರಿ ಕೆಂಪಕ್ಕಿ ಅನ್ನ, ಹಿನ್ನೀರಿನ ಮೀನಿನ ಸಾರು.

ಊಟ ಆದ ಮೇಲೆ ಆ ಅಜ್ಜ ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಕವರು ತಂದರು. ಒಳಗೊಂದು ಕಾಗದ, ಮಡಿಕೆಯ ಜಾಗದಲ್ಲಿ ಹರಿದು ಹಿಂದಿನಿಂದ ಗಂಜಿಯಲ್ಲಿ ಅಂಟಿಸಿದ್ದು. ಕಾರ್ಬನ್ ಕಾಪಿ. ನೇರಳೆ ಬಣ್ಣ ಮಾಸಿದೆ, ಆದರೆ ಅಕ್ಷರ ಗುಂಡಗೆ ಓದುವ ಹಾಗಿದೆ. ನನಗೆ ನೋಡಿದ ತಕ್ಷಣ ಗೊತ್ತಾಯಿತು, ನಮ್ಮಜ್ಜನ ಕೈಬರಹ. 'ಮ' ಬರೆದರೆ ಕೊನೆಯ ಕೊಂಬು ಮೇಲಕ್ಕೆ ಎಳೆದು ಬಿಡುತ್ತಾನೆ. ಕೆಳಗೆ ಹೆಬ್ಬೆಟ್ಟು. ಪಕ್ಕದಲ್ಲಿ ಕಚೇರಿಯ ಸೀಲು.

ಅದು 1979ರ ಫಾರಂ ನಂಬರ್ ಏಳು. ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ಬಂದು ಗೇಣಿ ಮಾಡುವವನಿಗೇ ಜಮೀನು ಅಂತಾಯಿತು. ಆದರೆ ಸುಮ್ನೆ ಸಿಗುವುದಿಲ್ಲ, ಭೂನ್ಯಾಯ ಮಂಡಳಿಗೆ ಈ ಫಾರಂ ತುಂಬಿ ಕೊಡಬೇಕು. ಕಡೆಯ ದಿನ ಮುಂದೆ ಹೋಗಿ ಹೋಗಿ 1979ರ ಜೂನ್ 30ಕ್ಕೆ ನಿಂತಿತು. ಧಣಿಗೆ ಹೆದರಿಯೋ, ಓದು ಬಾರದೆಯೋ, ಈ ಕಡೆಯ ಏಳೆಂಟು ಮನೆಯವರು ಅರ್ಜಿ ಹಾಕಿಯೇ ಇರಲಿಲ್ಲ. ಅಜ್ಜನಿಗೆ ಸುದ್ದಿ ಮುಟ್ಟಿದ್ದು ಜೂನ್ ಕೊನೆಯ ವಾರ. ಆಗ ನಮ್ಮ ಮನೆಯಲ್ಲಿ ನಾಟಿ ಕೆಲಸ, ಅಜ್ಜಿಗೆ ಜ್ವರ. ಅಜ್ಜಿಯೇ "ಹೋಗ್ಬಾ, ಇಲ್ಲಿ ನಾ ನೋಡ್ಕತ್ತೀನಿ" ಅಂದಳಂತೆ. ಜಡಿಮಳೆಯಲ್ಲಿ ಬಸ್ಸು ಹಿಡಿದು, ಹೊಳೆ ದಾಟಿ, ಕಂಬಳಿ ಕೊಪ್ಪೆ ಹಾಕಿಕೊಂಡು ಇಲ್ಲಿಗೆ ಬಂದು, ಇದೇ ಜಗಲಿಯಲ್ಲಿ ಚಿಮಣಿ ಬುಡ್ಡಿ ಇಟ್ಟುಕೊಂಡು ಬರೆದ.

"ಕರೆಂಟು ಇರ್ಲಿಲ್ಲನಾ?" ತಮ್ಮ ಕೇಳಿದ.

ಇಬ್ಬರು ಅಜ್ಜಂದಿರೂ ಅವನನ್ನೇ ನೋಡಿದರು. ನಾಡಿಗೆಲ್ಲ ಕರೆಂಟು ಕೊಡಲು ಊರು ಬಿಟ್ಟವರ, ಊರು ಕಳೆದುಕೊಂಡವರ ಮನೆಗೆ ಕರೆಂಟು ಬಂದದ್ದು ಎಷ್ಟೋ ವರ್ಷದ ಮೇಲೆ.

ಫಾರಮ್ಮಿನಲ್ಲಿ ಸರ್ವೆ ನಂಬರ್ ಕೇಳುತ್ತದೆ. ಯಾರಿಗೂ ಗೊತ್ತಿಲ್ಲ. ಅವರಿಗೆ ಗೊತ್ತಿರುವುದು ಹೊಳೆಗದ್ದೆ, ನೇರಳೆ ಮರದ ಗದ್ದೆ, ಮೇಲಿನ ಹಕ್ಕಲು. ಅಜ್ಜ ಸರ್ವೆ ನಂಬರಿನ ಜಾಗ ಖಾಲಿ ಬಿಟ್ಟು, ಕೆಳಗೆ ಅವರು ಹೇಳಿದ ಹಾಗೆಯೇ ಬರೆದ. ಮೂಡಲಿಗೆ ಇಂಥವರ ತೋಟದ ಬೇಲಿ, ಪಡುವಲಿಗೆ ಹಳ್ಳ, ನನ್ನ ಅಪ್ಪನ ಕಾಲದಿಂದ ನಾವೇ ಹೂಡುತ್ತಿದ್ದೇವೆ, ಹೋದ ವರ್ಷ ಎಷ್ಟು ಭತ್ತ ಅಳೆದೆವು, ಅಳೆಯುವಾಗ ಯಾರಿದ್ದರು. ಆಮೇಲೆ ಸಾಗರಕ್ಕೆ ಹೋಗಿ, ಒಂದಿಡೀ ದಿನ ಕೂತು ಸರ್ವೆ ನಂಬರ್ ಹುಡುಕಿಸಿ ತುಂಬಿದ. ಕಡೆಯ ದಿನದ ಒಳಗೆ ಎಲ್ಲವನ್ನೂ ಕೊಟ್ಟು, ಪ್ರತಿಯೊಂದರ ಕಾಪಿಗೂ ಸೀಲು ಹಾಕಿಸಿಕೊಂಡೇ ವಾಪಸ್ಸು ಬಂದ. ಸೀಲು ಹಾಕಿಸದೆ ಮೇಜು ಬಿಡಬಾರದು ಅನ್ನುವುದು ಅಜ್ಜ ನಮಗೆಲ್ಲ ಹೇಳಿಕೊಟ್ಟ ಮೊದಲ ಪಾಠ.

"ವಿಚಾರಣೆ ದಿನ ಧಣಿ ಕಡೆಯವ್ರು ಇವ್ನು ಗೇಣಿ ಮಾಡೇ ಇಲ್ಲ ಅಂದ್ರು ತಂಗೀ" ಅಂದರು ಆ ಅಜ್ಜ ನನ್ನ ಕಡೆ ತಿರುಗಿ. "ಅಣ್ಣ ಬರ್ದಿದ್ದನ್ನ ಓದಿ ನನ್ನ ಕೇಳಿದ್ರು. ಅದ್ರಲ್ಲಿ ಇದ್ದದ್ದೂ ನಾ ಹೇಳಿದ್ದೂ ಒಂದೇ ಆಯ್ತಲ. ನನ್ನ ಮಾತೇ ಅಲ್ವಾ ಅದು. ನಾ ತಡವರಿಸ್ಲೇ ಇಲ್ಲ."

ಒಂದು ಎಕರೆ ಚಿಲ್ಲರೆ ಜಮೀನು ಅವರ ಹೆಸರಿಗೆ ಆಯಿತು. ನಾವು ಅವತ್ತು ಉಂಡ ಅನ್ನ ಆ ಗದ್ದೆಯದು.

ಮಲಗುವ ಮುಂಚೆ ನಾನು ಅಜ್ಜನನ್ನು ಕೇಳಿದೆ, ನಮ್ಮ ಫೈಲಿನ ಕೆಲಸ ಬಿಟ್ಟು ಬೇರೆಯವರದ್ದಕ್ಕೆ ಅಷ್ಟು ಓಡಾಡಿದ್ದಕ್ಕೆ ಬೇಸರ ಇಲ್ವಾ ಅಂತ. ಅವನು ಮಗ್ಗುಲು ಬದಲಿಸುತ್ತ, "ನಮ್ದು ಬಿಟ್ಟಿಲ್ವಲ್ಲ, ಬರೀತಾ ಇದೀನಲ್ಲ" ಅಂದ. ಆ ಮಾತಿನಲ್ಲಿ ಒಂದಿಷ್ಟೂ ಕಹಿ ಇರಲಿಲ್ಲ. ನಾನು ಅವನನ್ನು ದೊಡ್ಡವನು ಅಂತ ನಂಬುವುದು ಇದಕ್ಕೇ.

ಶನಿವಾರ: ನೀರಿನಿಂದ ಎದ್ದ ಡ್ಯಾಮ್

ಮಡೆನೂರು ಡ್ಯಾಮ್ ಅಂತ ಜನ ಕರೆಯುವ ಹಿರೇಭಾಸ್ಕರ ಅಣೆಕಟ್ಟೆ ವರ್ಷದ ಹೆಚ್ಚು ಕಾಲ ನೀರಿನ ಅಡಿಯಲ್ಲಿರುತ್ತದೆ. ಜೋಗದ ವಿದ್ಯುತ್ ಕೇಂದ್ರಕ್ಕೆ ನೀರು ಕೊಡಲು 1948ರಲ್ಲಿ ಮುಗಿಸಿದ ಡ್ಯಾಮ್ ಅದು. ಹದಿನಾರು ವರ್ಷದ ಮೇಲೆ ಕೆಳಗಡೆ ಲಿಂಗನಮಕ್ಕಿ ಬಂತು, ಹಿನ್ನೀರು ಏರಿ ಡ್ಯಾಮೇ ಮುಳುಗಿತು. ನಮ್ಮ ಮನೆಯವರು ಎರಡು ಸಲ ಎದ್ದವರು. ಮೊದಲನೆಯದಕ್ಕೆ ಗುಡ್ಡದ ಮೇಲಕ್ಕೆ, ಎರಡನೆಯದಕ್ಕೆ ಆಯನೂರಿಗೆ.

ನೀರು ಚೆನ್ನಾಗಿ ತಗ್ಗಿದ ವರ್ಷ ಏಪ್ರಿಲ್ ಕೊನೆಯಿಂದ ಮಳೆ ಹಿಡಿಯುವವರೆಗೆ ಕಾಣಿಸುತ್ತದೆ. ಹೋಗುವವರು ಊರಿನವರನ್ನು ಕೇಳಿಕೊಂಡು, ಸಾಧ್ಯವಾದರೆ ಒಬ್ಬರನ್ನು ಜೊತೆಗೆ ಕರೆದುಕೊಂಡೇ ಹೋಗಿ. ಹಿನ್ನೀರಿನ ನೆಲ ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ಕೆಸರು. ನಮ್ಮ ಜೊತೆ ಬಂದ ಹುಡುಗ ಇಲ್ಲಿ ಕಾಲಿಡಿ, ಅಲ್ಲಿ ಬೇಡ ಅಂತ ಹೇಳುತ್ತಲೇ ಇದ್ದ. ಆದರೂ ತಮ್ಮನ ಒಂದು ಕಾಲು ಮೊಣಕಾಲಿನವರೆಗೆ ಹೂತು, ಕಾಲು ಬಂತು, ಚಪ್ಪಲಿ ಬರಲಿಲ್ಲ. ಅದು ಈಗಲೂ ಅಲ್ಲೇ ಇದೆ. ಬಿಸಿಲಿಗೆ ನೆರಳಿಲ್ಲ, ನೀರು ತಗೊಂಡು ಹೋಗಿ, ಬೆಳಿಗ್ಗೆ ಹತ್ತು ಗಂಟೆಯೊಳಗೆ ನೋಡಿ ಮುಗಿಸಿ.

ದಾರಿಯುದ್ದಕ್ಕೂ ಮರದ ಬೊಡ್ಡೆಗಳು. ಅರವತ್ತು ವರ್ಷ ನೀರಿನಲ್ಲಿ ನೆನೆದೂ ಕರಗದೆ ನಿಂತಿವೆ, ಬೇರುಗಳ ಕೆಳಗಿನ ಮಣ್ಣು ಕೊಚ್ಚಿಹೋಗಿ ಬೇರಿನ ಮೇಲೇ ಎದ್ದು ನಿಂತ ಹಾಗೆ. ಅಜ್ಜ ಒಂದೊಂದನ್ನೂ ಮುಟ್ಟಿ ಇದು ಮತ್ತಿ, ಇದು ಹೊನ್ನೆ ಅಂತ ಹೇಳುತ್ತ ಬಂದ. ಜಂಬಿಟ್ಟಿಗೆಯ ಒಂದು ಅಡಿಪಾಯ ಸಿಕ್ಕಿತು, ಯಾರದೋ ಮನೆಯದು, ಒರಳು ಕಲ್ಲಿನ ತುಂಡು ಪಕ್ಕದಲ್ಲಿ. ನಮ್ಮದಲ್ಲ. ನಮ್ಮ ಮನೆ ಇದ್ದ ಜಾಗದ ಮೇಲೆ ಇನ್ನೂ ನೀರಿತ್ತು. ಅಜ್ಜ ಕೈ ಚಾಚಿ ತೋರಿಸಿದ, ಅಲ್ಲಿ ಆ ಒಣಮರ ಇದೆಯಲ್ಲ, ಅದರಿಂದ ಎಡಕ್ಕೆ. ನಾನು ಬಹಳ ಹೊತ್ತು ನೋಡಿದೆ.

ಡ್ಯಾಮ್ ಮಾತ್ರ ಗಟ್ಟಿಯಾಗಿಯೇ ಇದೆ. ಕಲ್ಲಿನ ಕಟ್ಟಡ, ಅಷ್ಟು ವರ್ಷ ಮುಳುಗಿ ಎದ್ದರೂ ಅಂಚು ಮುಕ್ಕಾಗಿಲ್ಲ. ಅದರ ಸೈಫನ್‌ಗಳನ್ನು ನೋಡಬೇಕು. ನೀರು ಒಂದು ಮಟ್ಟಕ್ಕೆ ಬಂದ ಕೂಡಲೇ ಯಾರೂ ಬಾಗಿಲು ಎತ್ತದೆ ತಾನಾಗಿಯೇ ಎಳೆದು ಹೊರಗೆ ಬಿಡುವ ವ್ಯವಸ್ಥೆ, ಗಣೇಶ್ ಅಯ್ಯರ್ ಎಂಬ ಮೈಸೂರಿನ ಇಂಜಿನಿಯರು ರೂಪಿಸಿದ್ದು. ಹತ್ತಿರ ಹೋಗಿ ಬಗ್ಗಿದರೆ ಒಳಗೆ ತಣ್ಣನೆ ಗಾಳಿ, ಗೋಡೆಗೆ ಅಂಟಿದ ಚಿಪ್ಪು. ಅಜ್ಜನ ಅಪ್ಪ ಇಲ್ಲಿ ಕಲ್ಲು ಹೊತ್ತಿದ್ದ. ತನ್ನ ಗದ್ದೆ ಮುಳುಗಿಸುವ ಕಟ್ಟೆಗೆ ತಾನೇ ಕಲ್ಲು ಹೊತ್ತ. ಮನೆಯಲ್ಲಿ ಉಣ್ಣುವ ಬಾಯಿ ಜಾಸ್ತಿ, ಕೂಲಿ ಸಿಗುತ್ತಿದ್ದದ್ದು ಅಲ್ಲೇ. ಅಜ್ಜ ಆ ಕಲ್ಲುಗಳ ಮೇಲೆ ಅಂಗೈ ಇಟ್ಟು ಉದ್ದಕ್ಕೂ ಸವರುತ್ತ ನಡೆದ. "ಕೆಲ್ಸ ಮಾತ್ರ ಚಲೋ ಮಾಡಿದಾರೆ" ಅಂದ.

ಸಂಜೆ ಮನೆಗೆ ಬಂದಾಗ ಪಕ್ಕದ ಮನೆಯ ಮುದುಕಿಯೊಬ್ಬಳು ಕಾಯುತ್ತಿದ್ದಳು. ಅರ್ಜಿ ಅಣ್ಣ ಬಂದಿದ್ದಾನೆ ಅಂತ ಸುದ್ದಿ ಆಗಿತ್ತು. ಸಂಧ್ಯಾ ಸುರಕ್ಷಾ ವೃದ್ಧಾಪ್ಯ ಪಿಂಚಣಿಯ ತಿಂಗಳ 1200 ರೂಪಾಯಿ ಆರು ತಿಂಗಳಿಂದ ಬಂದಿಲ್ಲ. ಅಜ್ಜನ ಕೈ ಈಗ ನಡುಗುತ್ತದೆ. "ನೀ ಬರಿ" ಅಂತ ನನ್ನ ಕೈಗೆ ಪೆನ್ನು ಕೊಟ್ಟ. ನಾನು ಹಾಳೆ ತೆಗೆದುಕೊಂಡ ತಕ್ಷಣ, "ಪೆನ್ನು ಕೆಳಗಿಡು, ಮೊದ್ಲು ಅವ್ಳು ಪೂರಾ ಹೇಳ್ಲಿ" ಅಂದ.

ಅವಳು ಹೇಳಿದಳು. ಮೊಮ್ಮಗನ ನಾಮಕರಣದಿಂದ ಶುರುಮಾಡಿ, ಸೊಸೆಯ ಮೇಲೆ ಸಿಟ್ಟು, ಕಾಲು ನೋವು, ಎಲ್ಲ ದಾಟಿ ವಿಷಯಕ್ಕೆ ಬರಲು ಅರ್ಧ ಗಂಟೆ. ಅಜ್ಜ ಒಂದೇ ಒಂದು ಸಲವೂ ನಡುವೆ ಬಾಯಿ ಹಾಕಲಿಲ್ಲ. ಆಮೇಲೆ ನಾನು ಬರೆದೆ. ಆಧಾರ್‌ನಲ್ಲಿ ಒಂದು ಹೆಸರು, ಪಾಸ್‌ಬುಕ್ಕಿನಲ್ಲಿ ಇನ್ನೊಂದು ಹೆಸರು, ಸಮಸ್ಯೆ ಅಷ್ಟೇ, ಬ್ಯಾಂಕಿನವಳಾದ ನನಗೆ ಬೇಗ ಹೊಳೆಯಿತು. ಅದನ್ನೂ ಬರೆದೆ. 'ಕಾಲು ನೋವು ಇಟ್ಟುಕೊಂಡು ನಾಲ್ಕು ಸಲ ಸಾಗರಕ್ಕೆ ಹೋಗಿದ್ದೇನೆ, ಖಾಸಗಿ ಬಸ್ಸಿನಲ್ಲಿ ಹೆಂಗಸರಿಗೆ ಫ್ರೀ ಇಲ್ಲ, ಪ್ರತಿ ಸಲ ಸಾಲ ಮಾಡಿ ಹೋಗಿದ್ದೇನೆ' ಎಂಬ ಅವಳ ಮಾತನ್ನು ಅಜ್ಜ ಹಾಗೇ ಬರೆಸಿದ. ಎರಡು ಸಲ ಗಟ್ಟಿಯಾಗಿ ಓದಿಸಿದ. ಎರಡನೇ ಸಲ ಓದುವಾಗ ಆ ಮುದುಕಿ ನಡುವೆ ತಡೆದು, "ನಾಲ್ಕಲ್ಲ, ಐದು ಸಲ" ಅಂದಳು. ತಿದ್ದಿದೆ. ಹೆಬ್ಬೆಟ್ಟು ಒತ್ತಿಸಲು ಹೋದರೆ ಬೇಡ ಅಂದಳು. ಸಹಿ ಕಲಿತಿದ್ದಾಳೆ. ಐದು ಅಕ್ಷರ ಬರೆಯಲು ಒಂದು ನಿಮಿಷ ತಗೊಂಡಳು, ಯಾರೂ ಅವಸರ ಮಾಡಲಿಲ್ಲ.

ಭಾನುವಾರ: ಜೋಗ

ಕಚೇರಿ ತೆರೆಯುವುದು ಸೋಮವಾರ. ಆ ದಿನ ಜೋಗಕ್ಕೆ ಹೋದೆವು. ಮೇ ತಿಂಗಳಲ್ಲಿ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ನೂಲಿನ ಹಾಗೆ. ನೀರು ನೋಡಬೇಕಾದರೆ ಜುಲೈ ಮೇಲೆ ಬನ್ನಿ, ಆದರೆ ಆಗ ಮಂಜು ಮುಚ್ಚಿ ಗಂಟೆಗಟ್ಟಲೆ ಏನೂ ಕಾಣದೆಯೂ ಇರಬಹುದು. ಬೇಸಿಗೆಯಲ್ಲಿ ಬಂಡೆ ಪೂರ್ತಿ ಕಾಣುತ್ತದೆ, 830 ಅಡಿ. ಅಜ್ಜ ಕಂಬಿ ಹಿಡಿದು ಸ್ವಲ್ಪ ಹೊತ್ತು ನಿಂತ. ಪಕ್ಕದಲ್ಲಿದ್ದ ಬಳ್ಳಾರಿ ಕಡೆಯ ಹುಡುಗರು ನೀರೇ ಇಲ್ಲ ಅಂತ ಬೇಜಾರಾಗಿದ್ದರು. ಅವರಿಗೆ ಅಜ್ಜ ಲಿಂಗನಮಕ್ಕಿ, ಅದರ 1819 ಅಡಿ ಮಟ್ಟ, ಶರಾವತಿಯ ವಿದ್ಯುತ್ ಕೇಂದ್ರಗಳು, ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಬೆರಳಿನಲ್ಲಿ ಕಂಬಿಯ ಮೇಲೆ ಗೆರೆ ಎಳೆದು ವಿವರಿಸಿದ. ತನ್ನ ಊರು ಹೋದದ್ದನ್ನು ಹೇಳಲಿಲ್ಲ. ನಾನು ಹೇಳಿದೆ. ಆ ಹುಡುಗರಲ್ಲಿ ಒಬ್ಬ ಬಗ್ಗಿ ಅಜ್ಜನ ಕಾಲು ಮುಟ್ಟಿದ. ಅಜ್ಜನಿಗೆ ಮುಜುಗರವಾಗಿ, "ಏ, ಮಂಡಕ್ಕಿ ತಿಂತೀರನಾ?" ಅಂತ ಎಲ್ಲರಿಗೂ ಕೊಡಿಸಿದ.

ಸೋಮವಾರ: ಸೀಲು

ಸಾಗರದಲ್ಲಿ ಕಚೇರಿ ಬಾಗಿಲು ತೆರೆಯುವ ಮೊದಲೇ ಅಜ್ಜ ಮೆಟ್ಟಿಲ ಮೇಲೆ. ಜೊತೆಗೆ ಆಧಾರ್, ಪಾಸ್‌ಬುಕ್ಕಿನ ಜೆರಾಕ್ಸು, ಎರಡು ಸೆಟ್. ಕೌಂಟರಿನಲ್ಲಿದ್ದ ಹುಡುಗಿ ಅರ್ಜಿಯನ್ನು ಮೊದಲಿಂದ ಕೊನೆಯವರೆಗೂ ಓದಿದಳು. ಸಾಮಾನ್ಯವಾಗಿ ಯಾರೂ ಓದುವುದಿಲ್ಲ, ವಿಷಯ ನೋಡಿ ಒಳಗೆ ಹಾಕುತ್ತಾರೆ. ಐದು ಸಲ ಬಸ್ಸಿನ ಸಾಲ ಅನ್ನುವ ಸಾಲಿಗೆ ಬಂದಾಗ ತಲೆಯೆತ್ತಿ, "ಈ ಅಜ್ಜಿ ಬಂದಿದ್ರು, ನಂಗೆ ಗೊತ್ತು" ಅಂದಳು. ಕಾಪಿಗೆ ಸೀಲು, ತಾರೀಕು, ನಂಬರು. ಅಜ್ಜ ಕನ್ನಡಕ ಹಾಕಿ ತಾರೀಕು ಸರಿ ಇದೆಯಾ ಅಂತ ನೋಡಿ, ಆಗದಿದ್ದರೆ ಯಾಕಾಗಲ್ಲ ಅಂತ ಹಿಂಬರಹ ಕೊಡಬೇಕು ತಾಯಿ ಅಂತ ಹೇಳಿ ಬಂದ. ನಮ್ಮ ಜಮೀನಿನ ಫೈಲು ಕಾರಿನಲ್ಲೇ ಇತ್ತು, ಅದರ ಕಚೇರಿ ಶಿವಮೊಗ್ಗದಲ್ಲಿ. ಅದಕ್ಕೆ ಬುಧವಾರ ಹೋಗುತ್ತಾನಂತೆ.

ಹೋಗುವಾಗ ನಿಂತ ಜಾಗಗಳಲ್ಲಿ ಬರುವಾಗ ನಿಲ್ಲಲಿಲ್ಲ. ಅಜ್ಜ ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆಯುತ್ತಿದ್ದ.

ಇದನ್ನು ಬರೆಯುವ ಹೊತ್ತಿಗೆ ತುಮರಿ ಕಡೆಯಿಂದ ಫೋನ್ ಬಂದಿದೆ. ಮುದುಕಿಯ ಖಾತೆಗೆ ಮೂರು ತಿಂಗಳ ದುಡ್ಡು ಒಟ್ಟಿಗೆ ಬಂದಿದೆ, ಉಳಿದ ಮೂರು ತಿಂಗಳದ್ದು ಬಂದಿಲ್ಲ. ಅಜ್ಜನಿಗೆ ಹೇಳಿದೆ. ಹಳೇ ಅರ್ಜಿಯ ತಾರೀಕು, ಸೀಲಿನ ನಂಬರು ಎರಡನ್ನೂ ಮೇಲೇ ಬರಿ, ಬಂದ ದುಡ್ಡಿಗೆ ಥ್ಯಾಂಕ್ಸ್ ಅಂತ ಒಂದು ಸಾಲು ಹಾಕು, ಬರೆಯುವ ಮುಂಚೆ ಅವಳಿಗೆ ಒಂದು ಫೋನ್ ಮಾಡು ಅಂದ.